ಏಳು ಜನ, ಮೇಲೆ ಲಗೇಜು, ಮುಂದೆ ಶಿರಾಡಿ: ಟೈರಿಗೆ ಎಷ್ಟು ಗಾಳಿ, ಕಾರಿಗೆ ಎಷ್ಟು ಭಾರ?

ಪ್ರಶ್ನೆ: ನಮ್ಮದು ಏಳು ಸೀಟಿನ ಪೆಟ್ರೋಲ್ ಕಾರು. ಕೊಂಡು ಆರೂವರೆ ವರ್ಷವಾಯಿತು, ಓಡಿರುವುದು 38,000 ಕಿ.ಮೀ. ಮಾತ್ರ. ಟೈರುಗಳು ಕಾರಿನ ಜೊತೆ ಬಂದವೇ, ಗ್ರಿಪ್ ಚೆನ್ನಾಗಿದೆ. ಟೈರಿನ ಮೇಲೆ 185/65 ಆರ್15 88ಎಚ್ ಎಂದಿದೆ. ಕಾರಿನ ಖಾಲಿ ತೂಕ 1,190 ಕೆ.ಜಿ., ಗರಿಷ್ಠ ಒಟ್ಟು ತೂಕ 1,785 ಕೆ.ಜಿ. ಎಂದು ಕೈಪಿಡಿ ಹೇಳುತ್ತದೆ. ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಪುತ್ತೂರು ಕಡೆಯ ನಮ್ಮ ಊರಿಗೆ ಶಿರಾಡಿ ಘಾಟಿಯಲ್ಲಿ ಹೋಗಬೇಕು. ಐದು ಜನ ದೊಡ್ಡವರು, ಇಬ್ಬರು ಮಕ್ಕಳು. ಸೂಟ್‌ಕೇಸುಗಳಿಗೆ ಮೇಲೆ ಕ್ಯಾರಿಯರ್ ಹಾಕಿಸೋಣ ಅಂತಿದ್ದೇವೆ. ಬರುವಾಗ ಕುಚ್ಚಲಕ್ಕಿ, ತೆಂಗಿನಕಾಯಿ ಇದ್ದೇ ಇರುತ್ತದೆ. ಬಂಕಿನವರು ನಾಲ್ಕಕ್ಕೂ 35 ಹಿಡಿಸುತ್ತಾರೆ. ಮೆಕ್ಯಾನಿಕ್ ‘ಬೇಸಿಗೆ ಸಾರ್, ಮೂರು ಪಾಯಿಂಟ್ ಕಮ್ಮಿ ಇರಲಿ, ಇಲ್ಲಾಂದ್ರೆ ಸಿಡಿಯುತ್ತೆ’ ಅನ್ನುತ್ತಾರೆ. ಮೊನ್ನೆ ನೋಡಿಸಿದಾಗ ಹಿಂದಿನ ಎರಡರಲ್ಲೂ 25 ಇತ್ತು, ಕಣ್ಣಿಗೆ ಮಾತ್ರ ಏನೂ ಕಮ್ಮಿ ಅನ್ನಿಸಿರಲಿಲ್ಲ. ಎಷ್ಟು ಗಾಳಿ ಇರಬೇಕು? ಟೈರು ಬದಲಿಸಬೇಕೇ? ಎರಡೇ ಹಾಕಿಸಿದರೆ ಮುಂದಕ್ಕೋ, ಹಿಂದಕ್ಕೋ?

ಉತ್ತರ: ಮೊದಲು ಮೆಕ್ಯಾನಿಕ್ ಹೇಳಿದ ಮಾತನ್ನು ಬದಿಗಿಡಿ. ಬೇಸಿಗೆಯಲ್ಲಿ ಗಾಳಿ ಕಮ್ಮಿ ಮಾಡಿದರೆ ಟೈರು ಸಿಡಿಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೋ ಅಷ್ಟೇ ತಪ್ಪು. ಟೈರು ಸಿಡಿಯಲು ಮುಖ್ಯ ಕಾರಣ ಒಳಗಿನ ಒತ್ತಡ ನಾಲ್ಕೈದು ಪಾಯಿಂಟ್ ಏರುವುದಲ್ಲ, ಟೈರಿನ ಮೈ ಕಾಯುವುದು. ಗಾಳಿ ಕಮ್ಮಿಯಾದಷ್ಟೂ ಅದು ಹೆಚ್ಚು ಕಾಯುತ್ತದೆ.

ಹೇಗೆ ಅಂದರೆ, ಟೈರು ನೆಲ ಮುಟ್ಟುವ ಜಾಗದಲ್ಲಿ ಅದರ ಪಕ್ಕೆ ಸ್ವಲ್ಪ ಬಾಗುತ್ತದೆ, ನೆಲ ಬಿಟ್ಟ ಕೂಡಲೇ ನೆಟ್ಟಗಾಗುತ್ತದೆ. ನಿಮ್ಮ ಅಳತೆಯ ಟೈರಿನ ಸುತ್ತಳತೆ ಸುಮಾರು 1.95 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ 14 ಸುತ್ತು ಹೊಡೆಯುತ್ತದೆ. ಅಂದರೆ ಪಕ್ಕೆಯ ಪ್ರತಿಯೊಂದು ಜಾಗವೂ ಒಂದು ಗಂಟೆಯಲ್ಲಿ 51,000 ಸಲ ಬಾಗಿ ಬಿಡಿಸಿಕೊಳ್ಳುತ್ತದೆ. ತಂತಿಯೊಂದನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಆ ಜಾಗ ಬಿಸಿಯಾಗುತ್ತದಲ್ಲ, ಇಲ್ಲೂ ಆಗುವುದು ಅದೇ. ಗಾಳಿ ಸರಿಯಿದ್ದರೆ ಬಾಗುವುದು ಕಮ್ಮಿ, ಕಾಯುವುದೂ ಮಿತಿಯಲ್ಲಿ. ಗಾಳಿ ಕಮ್ಮಿ, ಮೇಲೆ ಏಳು ಜನ, ಕೆಳಗೆ ಏಪ್ರಿಲ್‌ನ ಕಾದ ಡಾಂಬರು, ಮೇಲಿಂದ ಹೈವೇ ವೇಗ, ಇವೆಲ್ಲ ಸೇರಿದರೆ ಒಳಗಿನ ಉಕ್ಕಿನ ಬೆಲ್ಟಿಗೂ ರಬ್ಬರಿಗೂ ಇರುವ ಬೆಸುಗೆ ಅಂಚಿನಿಂದ ಬಿಡಲು ಶುರುವಾಗುತ್ತದೆ. ಹೊರಗೆ ಏನೂ ಕಾಣದೆ ಇದು ನಡೆದಿರುತ್ತದೆ. ಕೊನೆಗೊಂದು ದಿನ ಟ್ರೆಡ್, ಅಂದರೆ ನೆಲ ಮುಟ್ಟುವ ಗೀರುಗಳಿರುವ ರಬ್ಬರಿನ ಪದರ, ಕಿತ್ತು ಬರುತ್ತದೆ, ಇಲ್ಲವೇ ಪಕ್ಕೆ ಒಡೆಯುತ್ತದೆ. ‘ಇದ್ದಕ್ಕಿದ್ದ ಹಾಗೆ ಸಿಡಿಯಿತು’ ಎಂದು ನಾವು ಹೇಳುವುದು ಇಂಥದ್ದನ್ನೇ.

ಇದು ದೊಡ್ಡ ಪ್ರಮಾಣದಲ್ಲಿ ಬಯಲಾದದ್ದು ಅಮೆರಿಕದಲ್ಲಿ. 2000ನೇ ಇಸವಿಯ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಯಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿದ್ದವು. ಟ್ರೆಡ್ ಕಿತ್ತು ಗಾಡಿ ಪಲ್ಟಿಯಾದ ಘಟನೆಗಳಲ್ಲಿ 271 ಜನ ಸತ್ತರೆಂದು ಅಲ್ಲಿನ ಸುರಕ್ಷಾ ಇಲಾಖೆ ಲೆಕ್ಕ ಕೊಟ್ಟಿತು. ಟೈರಿನ ವಿನ್ಯಾಸದಲ್ಲೇ ದೋಷ ಇತ್ತು ಎಂಬುದು ತನಿಖೆಯ ತೀರ್ಮಾನ. ಆದರೆ ಕೆಟ್ಟ ಟೈರುಗಳು ಹೆಚ್ಚಾಗಿ ಸಿಕ್ಕಿದ್ದು ಟೆಕ್ಸಸ್, ಅರಿಜೋನಾ, ಫ್ಲೋರಿಡಾದಂಥ ಬಿಸಿ ರಾಜ್ಯಗಳಲ್ಲಿ, ಅದೂ ಕೆಲವು ವರ್ಷ ಓಡಿದ ಮೇಲೆ. ಫೋರ್ಡ್ ಸೂಚಿಸಿದ್ದ ಗಾಳಿ 26 ಪಿಎಸ್‌ಐ (ಒತ್ತಡದ ಅಳತೆ, ನಾವು ‘ಪಾಯಿಂಟ್’ ಅನ್ನುವುದು ಇದನ್ನೇ), ಟೈರ್ ಕಂಪನಿ ಆಮೇಲೆ 30 ಇರಲಿ ಎಂದಿತು. ಈ ನಾಲ್ಕು ಪಾಯಿಂಟಿನ ಮೇಲೆ ಎರಡು ಕಂಪನಿಗಳ ನಡುವೆ ಭಾರಿ ಜಗಳವೇ ನಡೆಯಿತು. ಹೊಸ ಕಾರುಗಳಲ್ಲಿ ಗಾಳಿ ಕಮ್ಮಿಯಾದರೆ ಎಚ್ಚರಿಸುವ ದೀಪ ಇರಲೇಬೇಕು ಎಂಬ ಕಾನೂನು ಅಲ್ಲಿ ಬಂದದ್ದು ಇದರ ನಂತರವೇ. ಆದರೆ ಆ ದೀಪ ಹೊತ್ತುವುದು ಗಾಳಿ ಕಾಲು ಭಾಗ ಇಳಿದ ಮೇಲೆ. ನಿಮ್ಮ ಕಾರಿನಲ್ಲಿ ಅದು ಇದ್ದರೂ ಅದನ್ನೇ ನಂಬಿ ಕೂರಬೇಡಿ.

ಈಗ ನಿಮ್ಮ 25ಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ ಸಂಖ್ಯೆ ಅದು. ಕಾರಿನ ಭಾರ ಹೊರುವುದು ಬಹುಪಾಲು ಒಳಗಿನ ಗಾಳಿ. ರಬ್ಬರು, ಉಕ್ಕು, ನೂಲು ಎಲ್ಲವೂ ಆ ಗಾಳಿಯನ್ನು ಹಿಡಿದಿಡುವ ಚೀಲ. ಟೈರಿನ ಮೇಲಿನ 88 ಎಂಬುದು ಭಾರದ ಸೂಚ್ಯಂಕ. 88 ಅಂದರೆ ಒಂದು ಟೈರಿಗೆ 560 ಕೆ.ಜಿ. ನಾಲ್ಕಕ್ಕೆ 2,240 ಆಯಿತು, ನಿಮ್ಮ ಕಾರಿನ ಗರಿಷ್ಠ ತೂಕ 1,785, ಧಾರಾಳವಾಯಿತು ಅನ್ನಿಸುತ್ತದೆ. ಆದರೆ ಆ 560 ಕೆ.ಜಿ. ಹೊರುವುದು ಒಳಗೆ ಸುಮಾರು 36 ಪಿಎಸ್‌ಐ ಇದ್ದಾಗ. 25ಕ್ಕೆ ಇಳಿದರೆ ಅದೇ ಟೈರಿನ ಸಾಮರ್ಥ್ಯ ಹತ್ತಿರ ಹತ್ತಿರ 420 ಕೆ.ಜಿ.ಗೆ ಕುಸಿಯುತ್ತದೆ. ತುಂಬಿದ ಕಾರಿನ ತೂಕದಲ್ಲಿ ಬರೀ ಅರ್ಧ ಹಿಂದೆ ಬಿತ್ತು ಅಂತಲೇ ಇಟ್ಟುಕೊಂಡರೂ ಹಿಂದಿನ ಒಂದೊಂದು ಟೈರಿಗೆ 446 ಕೆ.ಜಿ. ಬರುತ್ತದೆ. ಮೂರನೇ ಸಾಲಿನಲ್ಲೂ ಜನ, ಡಿಕ್ಕಿಯಲ್ಲೂ ಮೂಟೆ ಇದ್ದರೆ ಹಿಂದಕ್ಕೆ ಬೀಳುವುದು ಅರ್ಧಕ್ಕಿಂತ ಹೆಚ್ಚೇ. ಆ 25ರಲ್ಲಿ ನೀವು ಹೊರಟಿದ್ದರೆ ಮನೆಯ ಗೇಟು ದಾಟುವಾಗಲೇ ಹಿಂದಿನ ಟೈರುಗಳು ಮಿತಿ ಮೀರಿರುತ್ತಿದ್ದವು.

ಕಣ್ಣಿಗೆ ಗೊತ್ತಾಗಲಿಲ್ಲ ಎಂದಿರಿ. ಗೊತ್ತಾಗುವುದೇ ಇಲ್ಲ. ರೇಡಿಯಲ್ ಟೈರಿನ ಪಕ್ಕೆ ಸರಿಯಾದ ಗಾಳಿಯಲ್ಲೂ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. ಕಾಲಲ್ಲಿ ಒದ್ದು ನೋಡುವುದರಿಂದಲೂ ಉಪಯೋಗವಿಲ್ಲ. ನಾನೂರೋ ಐನೂರೋ ರೂಪಾಯಿ ಕೊಟ್ಟು ಒಂದು ಗೇಜು ಇಟ್ಟುಕೊಳ್ಳಿ. ಪಂಕ್ಚರ್ ಏನೂ ಇಲ್ಲದ ಟೈರಿನಲ್ಲೂ ತಿಂಗಳಿಗೆ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ತಿಂಗಳಿಗೆ ಎರಡು ಸಲ ನೋಡಿ, ದೂರ ಹೊರಡುವ ದಿನ ತಪ್ಪದೆ ನೋಡಿ.

ಎಷ್ಟಿರಬೇಕು ಎಂಬುದಕ್ಕೆ ಉತ್ತರ ಬಂಕಿನಲ್ಲೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಮೈಯಲ್ಲಿ. ಅದರಲ್ಲಿ ಎರಡು ಸಾಲು ಇರುವುದುಂಟು: ಎರಡು ಮೂರು ಜನ ಇದ್ದಾಗ ಇಷ್ಟು, ಪೂರ್ತಿ ತುಂಬಿದಾಗ ಇಷ್ಟು. ತುಂಬಿದ ಸಾಲಿನಲ್ಲಿ ಹಿಂದಿನ ಟೈರಿನ ಅಂಕಿ ಮೂರರಿಂದ ಆರು ಪಿಎಸ್‌ಐ ಹೆಚ್ಚಿರುವುದು ಸಾಮಾನ್ಯ. ನಾಲ್ಕಕ್ಕೂ 35 ಎಂಬುದು ಬಂಕಿನವರ ಅನುಕೂಲಕ್ಕೆ ಹುಟ್ಟಿಕೊಂಡ ಲೆಕ್ಕ, ನಿಮ್ಮ ಕಾರಿನದಲ್ಲ. ಊರಿಗೆ ಹೊರಡುವಾಗ ಎರಡನೇ ಸಾಲನ್ನು ಅನುಸರಿಸಿ. ಟೈರಿನ ಪಕ್ಕೆಯ ಮೇಲೆ ಮ್ಯಾಕ್ಸ್ ಎಂದು 44 ಅಥವಾ 51 ಅಂತ ಇರುತ್ತದೆ. ಅದು ಟೈರು ತಡೆಯುವ ಕೊನೆಯ ಮಿತಿ, ಅಷ್ಟು ತುಂಬಿಸಬೇಡಿ. ಅತಿಯಾಗಿ ತುಂಬಿದರೆ ಟ್ರೆಡ್ಡಿನ ನಡುಭಾಗ ಮಾತ್ರ ನೆಲ ಹಿಡಿಯುತ್ತದೆ, ಗುಂಡಿಗೆ ಬಿದ್ದಾಗ ಒಳಗಿನ ನೂಲು ಹರಿಯುವ ಸಂಭವವೂ ಹೆಚ್ಚು.

ಸ್ಟಿಕ್ಕರಿನ ಅಂಕಿ ತಣ್ಣಗಿನ ಟೈರಿಗೆ. ತಣ್ಣಗೆ ಅಂದರೆ ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಅಥವಾ ಒಂದೂವರೆ ಕಿಲೋಮೀಟರಿಗಿಂತ ಕಮ್ಮಿ ಓಡಿರಬೇಕು. ಹೊರಟ ಮೇಲೆ ಹಾಸನದಲ್ಲಿ ತಿಂಡಿಗೆ ನಿಲ್ಲಿಸಿ ನೋಡಿದರೆ ಗೇಜಿನಲ್ಲಿ ನಾಲ್ಕೈದು ಪಾಯಿಂಟ್ ಹೆಚ್ಚು ತೋರಿಸುತ್ತದೆ. ಅಲ್ಲಿ ಗಾಬರಿಯಾಗಿ ಗಾಳಿ ಬಿಡುವವರು ಬಹಳ ಜನ. ದಯವಿಟ್ಟು ಬಿಡಬೇಡಿ. ಓಡಿದಾಗ ಒತ್ತಡ ಏರುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ತಣ್ಣಗಿನ ಅಂಕಿಯನ್ನು ಕೊಟ್ಟಿರುತ್ತಾರೆ. ಹವೆಯ ವ್ಯತ್ಯಾಸವೂ ಅಷ್ಟೇ, ಬೆಂಗಳೂರಿನ ಬೆಳಗಿನ 22 ಡಿಗ್ರಿಯಲ್ಲಿ ಹಿಡಿಸಿದ ಗಾಳಿ ಪುತ್ತೂರಿನ ಮಧ್ಯಾಹ್ನದ 35 ಡಿಗ್ರಿಗೆ ಕಾರು ನಿಂತಲ್ಲೇ ಇದ್ದರೂ ಎರಡು ಪಿಎಸ್‌ಐ ಏರುತ್ತದೆ. ಅದರಿಂದ ಏನೂ ಆಗುವುದಿಲ್ಲ.

ನೈಟ್ರೋಜನ್ ಬಗ್ಗೆ ನೀವು ಕೇಳಿಲ್ಲ, ಆದರೂ ಬಂಕಿನಲ್ಲಿ ಯಾರಾದರೂ ಹೇಳುತ್ತಾರೆ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನ ಇಳಿಯುತ್ತದೆ, ಅಷ್ಟೇ. ಅದು ಸಿಗಲಿಲ್ಲ ಎಂದು ಕಮ್ಮಿ ಗಾಳಿಯಲ್ಲಿ ಓಡಿಸುವವರನ್ನು ನೋಡಿದರೆ ಬೇಸರವಾಗುತ್ತದೆ. ಎರಡನ್ನೂ ಬೆರೆಸಿದರೆ ತೊಂದರೆಯಿಲ್ಲ.

ಟೈರು ಬದಲಿಸಬೇಕೇ? ನನ್ನ ಉತ್ತರ: ಹೌದು, ನಾಲ್ಕನ್ನೂ, ಈ ಪ್ರಯಾಣಕ್ಕೆ ಮೊದಲೇ.

ಗ್ರಿಪ್ ಚೆನ್ನಾಗಿರುವುದು ಅರ್ಧ ಸಮಾಧಾನ ಮಾತ್ರ. ಟ್ರೆಡ್ಡಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡ ದಿಬ್ಬಗಳಿರುತ್ತವೆ. ಸವೆದು ಟ್ರೆಡ್ಡು ಆ ದಿಬ್ಬದ ಮಟ್ಟಕ್ಕೆ ಬಂದರೆ ಉಳಿದಿರುವ ಆಳ 1.6 ಮಿ.ಮೀ. ನಮ್ಮ ಕಾನೂನಿನ ಕನಿಷ್ಠ ಮಿತಿಯೂ ಅದೇ. ಕರಾವಳಿಯ ಮಳೆಗಾಲಕ್ಕೆ ಅದು ಸಾಲದು, 3 ಮಿ.ಮೀ.ಗೆ ಬಂದಾಗಲೇ ಬದಲಿಸಿ ಎನ್ನುತ್ತೇನೆ. ನಿಮ್ಮದು ಆ ಪರೀಕ್ಷೆ ಪಾಸಾಗಬಹುದು. ಆದರೆ ರಬ್ಬರಿಗೆ ಸವೆತದ ಜೊತೆ ವಯಸ್ಸೂ ಉಂಟು. ಬಿಸಿಲು, ಶಾಖ, ಆಮ್ಲಜನಕ ಸೇರಿ ಅದು ಗಡುಸಾಗುತ್ತದೆ, ಪಕ್ಕೆಯಲ್ಲೂ ಗೀರಿನ ತಳದಲ್ಲೂ ಕೂದಲೆಳೆಯ ಬಿರುಕು ಬಿಡುತ್ತದೆ. ಕಮ್ಮಿ ಓಡುವ, ಬಿಸಿಲಲ್ಲಿ ನಿಲ್ಲುವ ಕಾರುಗಳಲ್ಲಿ ಇದೇ ದೊಡ್ಡ ಸಮಸ್ಯೆ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷ ದಾಟಿದರೆ ಹೇಗಿದ್ದರೂ ತೆಗೆದುಬಿಡಿ ಎನ್ನುವ ಟೈರ್ ಕಂಪನಿಗಳಿವೆ. ಹಲವು ಕಾರ್ ಕಂಪನಿಗಳು ಆರು ವರ್ಷಕ್ಕೇ ಬದಲಿಸಿ ಎನ್ನುತ್ತವೆ. ನಮ್ಮ ಬಿಸಿಲು, ನಮ್ಮ ರಸ್ತೆ ನೋಡಿದರೆ ನನ್ನ ಮತ ಆರಕ್ಕೇ. ಅದರ ಮೇಲೆ ನಿಮ್ಮ ಹಿಂದಿನ ಎರಡು ಟೈರು 25ರಲ್ಲಿ ಎಷ್ಟು ದಿನ ಓಡಿದವೋ ನಿಮಗೂ ಗೊತ್ತಿಲ್ಲ. ಆ ಶಾಖದಿಂದ ಒಳಗೆ ಆದ ಹಾನಿ ಆಮೇಲೆ ಗಾಳಿ ತುಂಬಿಸಿದರೆ ವಾಸಿಯಾಗುವುದಿಲ್ಲ.

ವಯಸ್ಸು ನೋಡುವುದು ಸುಲಭ. ಪಕ್ಕೆಯ ಮೇಲೆ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕೆಲವು ಟೈರುಗಳಲ್ಲಿ ಪೂರ್ತಿ ಸಂಖ್ಯೆ ಒಂದೇ ಪಕ್ಕೆಯಲ್ಲಿರುತ್ತದೆ, ಹೊರಗೆ ಕಾಣದಿದ್ದರೆ ಒಳಬದಿ ನೋಡಬೇಕು. ಹೊಸ ಟೈರು ಕೊಳ್ಳುವಾಗಲೂ ಇದನ್ನು ಓದಿಯೇ ದುಡ್ಡು ಕೊಡಿ. ಅಗ್ಗಕ್ಕೆ ಸಿಗುವ ಹಳೆಯ ಟೈರು, ಬೋಳಾದ ಮೇಲೆ ಗೀರು ಕೊರೆದು ಹೊಸದರಂತೆ ಮಾಡಿದ ಟೈರು, ಇವುಗಳ ಹತ್ತಿರವೂ ಹೋಗಬೇಡಿ. ಭಾರದ ಸೂಚ್ಯಂಕ 88ಕ್ಕಿಂತ ಇಳಿಯಬಾರದು. ಅಂಗಡಿಯವರು ‘ಸೈಜು ಅದೇ ಸಾರ್’ ಎಂದು 84ರದ್ದು ಕೊಟ್ಟರೆ ಅದು ಹೊರುವುದು 500 ಕೆ.ಜಿ. ಮಾತ್ರ.

ಇನ್ನು ಸ್ಟೆಪ್ನಿ. ‘ಒಂದು ಸಲವೂ ಹಾಕಿಲ್ಲ, ಹೊಸದೇ ಇದೆ, ಮೂರು ಕೊಂಡರೆ ಸಾಕು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದಕ್ಕೂ ಆರೂವರೆ ವರ್ಷವೇ. ಪಂಕ್ಚರ್ ಆದಾಗ ಹತ್ತಿರದ ಅಂಗಡಿವರೆಗೆ ನಿಧಾನ ಹೋಗಲು ಇಟ್ಟುಕೊಳ್ಳಿ. ಅದರ ಗಾಳಿಯನ್ನೂ ನೋಡಿಸಿ, ಬೇಕಾದ ದಿನವೇ ಅದು ಸಪ್ಪಟೆಯಾಗಿರುವುದು ಎಷ್ಟೋ ಮನೆಗಳಲ್ಲಿ ನಡೆದಿದೆ.

ಖರ್ಚಿನ ಕಾರಣಕ್ಕೆ ಈಗ ಎರಡೇ ಆಗುವುದಾದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ‘ಎಂಜಿನ್ ಮುಂದಿದೆ, ಎಳೆಯುವುದು ಮುಂದಿನ ಚಕ್ರ, ಹೊಸದು ಮುಂದಕ್ಕೇ’ ಎಂದು ಅಂಗಡಿಯವರು ವಾದಿಸುತ್ತಾರೆ. ಒದ್ದೆ ತಿರುವಿನಲ್ಲಿ ಮುಂದಿನ ಟೈರು ಜಾರಿದರೆ ಕಾರು ತಿರುಗದೆ ನೇರ ಹೋಗಲು ನೋಡುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ವೇಗ ಇಳಿದು ಮತ್ತೆ ಹಿಡಿತ ಸಿಗುವ ಅವಕಾಶ ಇರುತ್ತದೆ. ಹಿಂದಿನ ಟೈರು ಜಾರಿದರೆ ಕಾರಿನ ಬಾಲವೇ ಸುತ್ತಿ ಬರುತ್ತದೆ. ಗಾಬರಿಯಲ್ಲಿ ಕಾಲು ತೆಗೆದರೆ, ಬ್ರೇಕ್ ಒತ್ತಿದರೆ ಇನ್ನೂ ಬೇಗ ಸುತ್ತುತ್ತದೆ. ಅದನ್ನು ಹತೋಟಿಗೆ ತರುವುದು ನುರಿತ ಡ್ರೈವರಿಗೂ ಕಷ್ಟ. ಘಾಟಿ ಇಳಿಯುವಾಗ, ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಸರಿದು ಹಿಂದಿನ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಹಾಗಾಗಿ ಒಳ್ಳೆಯ ಟೈರು ಹಿಂದಿರಬೇಕು. ಟೈರು ಹಾಕಿಸಿದ ದಿನವೇ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಹೊಸ ವಾಲ್ವು ಮೂರೂ ಆಗಲಿ.

ಈಗ ಭಾರದ ಲೆಕ್ಕ. ಒಟ್ಟು ತೂಕ 1,785ರಲ್ಲಿ ಖಾಲಿ ತೂಕ 1,190 ಕಳೆದರೆ ಉಳಿಯುವುದು 595 ಕೆ.ಜಿ. ಡ್ರೈವರೂ ಅದರೊಳಗೇ ಬರಬೇಕು. ದೊಡ್ಡವರು ಐದು ಜನ, ತಲಾ 68ರಂತೆ 340. ಮಕ್ಕಳಿಬ್ಬರು 70 ಅನ್ನೋಣ. 410 ಆಯಿತು, ಉಳಿದದ್ದು 185. ಕ್ಯಾರಿಯರಿನದ್ದೇ 18, ನಾಲ್ಕು ಸೂಟ್‌ಕೇಸ್ 72. ಇನ್ನು 95 ಕೆ.ಜಿ. ಜಾಗ ಇದೆ. ಹೋಗುವಾಗ ಸರಿಯಾಯಿತು. ಬರುವಾಗ 25 ಕೆ.ಜಿ.ಯ ಎರಡು ಮೂಟೆ ಕುಚ್ಚಲಕ್ಕಿ, ಸುಲಿದ ನೂರು ತೆಂಗಿನಕಾಯಿ ಒಂದೊಂದು 600 ಗ್ರಾಂನಂತೆ 60, ಒಟ್ಟು 110. ಮಿತಿ ದಾಟಿತು. ಏಪ್ರಿಲ್ ಅಂದರೆ ಹಲಸಿನಕಾಯಿ, ಹಪ್ಪಳ, ಬಾಳೆಗೊನೆ ಯಾವುದನ್ನೂ ನಾನು ಸೇರಿಸಿಲ್ಲ. ಇಂಥ ಸಂದರ್ಭಕ್ಕೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಸೇವೆ ಇದೆ, ಅಕ್ಕಿ, ಕಾಯಿ ಬಸ್ಸಿನಲ್ಲಿ ಬರಲಿ. ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದ ಕಾರಿನವರು ಸಿಲಿಂಡರಿನ ತೂಕವನ್ನೂ ಈ ಲೆಕ್ಕದಲ್ಲಿ ಕಳೆಯಬೇಕು.

ಕ್ಯಾರಿಯರ್ ಹಾಕಿಸುವ ಮೊದಲು ಕೈಪಿಡಿಯಲ್ಲಿ ಛಾವಣಿಯ ಮಿತಿ ನೋಡಿ. ಬಹಳಷ್ಟು ಕಾರುಗಳಲ್ಲಿ ಅದು 50ರಿಂದ 75 ಕೆ.ಜಿ., ಕ್ಯಾರಿಯರೂ ಅದರಲ್ಲೇ ಬರಬೇಕು. ಕೆಲವು ಕಾರಿನ ಮೇಲಿನ ಕಂಬಿಗಳು ಬರೀ ಅಲಂಕಾರಕ್ಕೆ, ಅವುಗಳ ಮೇಲೆ ಏನನ್ನೂ ಕಟ್ಟಬಾರದು. ನಿಮ್ಮ ನಾಲ್ಕು ಸೂಟ್‌ಕೇಸ್, ಕ್ಯಾರಿಯರ್ ಸೇರಿ 90 ಆಗುತ್ತದೆ, ಹೆಚ್ಚಾಯಿತು. ಭಾರ ಮೇಲೇರಿದಷ್ಟೂ ತಿರುವಿನಲ್ಲಿ ಕಾರು ವಾಲುತ್ತದೆ, ಹೊರಬದಿಯ ಟೈರುಗಳ ಮೇಲೆ ಹೊರೆ ಬೀಳುತ್ತದೆ. ಮೇಲೆ ಹಾಸಿಗೆ, ಬಟ್ಟೆಯಂಥ ಹಗುರ ವಸ್ತು ಇರಲಿ. ಭಾರದ್ದು ಡಿಕ್ಕಿಯ ನೆಲಕ್ಕೆ, ಮೂರನೇ ಸಾಲಿನ ಸೀಟಿನ ಬೆನ್ನಿಗೆ ಒತ್ತಿಕೊಂಡು. ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಏನನ್ನೂ ಪೇರಿಸಬೇಡಿ. 60 ಕಿ.ಮೀ. ವೇಗದಲ್ಲಿ ಕಾರು ಡಿಕ್ಕಿ ಹೊಡೆದು ನಿಂತರೆ ಒಳಗೆ ಬಿಡಿಯಾಗಿದ್ದ 20 ಲೀಟರ್ ನೀರಿನ ಕ್ಯಾನು ಅದೇ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. 14 ಮೀಟರ್ ಎತ್ತರದಿಂದ ಅದು ತಲೆ ಮೇಲೆ ಬಿದ್ದಷ್ಟು ಪೆಟ್ಟು. ತೆಂಗಿನಕಾಯಿಯನ್ನು ಗೋಣಿಯಲ್ಲಿ ಬಾಯಿ ಕಟ್ಟಿಯೇ ಇಡಿ. ಒಂದು ಕಾಯಿ ಉರುಳಿ ಬಂದು ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಘಾಟಿಯಲ್ಲಿ ಏನಾದೀತು ಯೋಚಿಸಿ. ನೀರಿನ ಬಾಟಲಿಗೂ ಇದೇ ಮಾತು. ಮೂರನೇ ಸಾಲಿನವರಿಗೂ ಬೆಲ್ಟು ಬೇಕು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ.

ಹಿಂದೆ ಭಾರ ಬಿದ್ದಾಗ ಕಾರಿನ ಮೂತಿ ಮೇಲೇಳುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಟೀರಿಂಗ್ ಪಕ್ಕದಲ್ಲಿ 0, 1, 2, 3 ಎಂಬ ಸಣ್ಣ ಚಕ್ರ ಇದ್ದರೆ ತುಂಬಿದ ಕಾರಿಗೆ 2 ಅಥವಾ 3ಕ್ಕೆ ತಿರುಗಿಸಿ.

ಸಕಲೇಶಪುರ 900 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿಂದ ಘಾಟಿಯ ಬುಡದ ಗುಂಡ್ಯ ತಲುಪುವಷ್ಟರಲ್ಲಿ ಆ ಎತ್ತರದ ಬಹುಪಾಲು ಇಳಿದಿರುತ್ತೀರಿ. 1,785 ಕೆ.ಜಿ.ಯನ್ನು ಬರೀ ಬ್ರೇಕಿನಲ್ಲಿ ಇಳಿಸಲು ಹೋದರೆ ಬ್ರೇಕು ಕಾಯುತ್ತದೆ, ಆ ಬಿಸಿ ರಿಮ್ಮಿನ ಮೂಲಕ ಟೈರಿಗೂ ಹೋಗುತ್ತದೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ಹಿಡಿದುಕೊಳ್ಳಲಿ. ಲಾರಿಗಳ ಹಿಂದೆ ಸಿಕ್ಕಿಕೊಂಡರೂ ನ್ಯೂಟ್ರಲ್ ಮಾಡಬೇಡಿ.

ಎಲ್ಲಾ ಮಾಡಿಯೂ ಟೈರು ಸಿಡಿದರೆ ಬ್ರೇಕ್ ಒತ್ತಬೇಡಿ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದು ಕಾರು ನೇರವಾಗಿರುವಂತೆ ನೋಡಿ, ಆಕ್ಸಿಲರೇಟರಿನಿಂದ ಕಾಲನ್ನು ನಿಧಾನವಾಗಿ ತೆಗೆಯಿರಿ, ವೇಗ ತಾನಾಗಿ ಇಳಿದ ಮೇಲೆ ಎಡಕ್ಕೆ ಸರಿಯಿರಿ.

ಊರಿನಿಂದ ಹೊರಡುವ ದಿನ ಬೆಳಿಗ್ಗೆ ಅಂಗಳದಲ್ಲೇ ಮತ್ತೊಮ್ಮೆ ಗಾಳಿ ನೋಡಿ. 12 ವೋಲ್ಟಿನ ಸಣ್ಣ ಪಂಪು ಕಾರಿನಲ್ಲಿದ್ದರೆ ಬಂಕ್ ಹುಡುಕುವ ಕೆಲಸವಿಲ್ಲ. ಪಕ್ಕೆಯಲ್ಲಿ ಉಬ್ಬು ಬಂದಿದೆಯೇ ಎಂದು ಕೈ ಆಡಿಸಿ, ಒಳಬದಿಯನ್ನೂ ಬಿಡಬೇಡಿ. ಉಬ್ಬು ಅಂದರೆ ಒಳಗಿನ ನೂಲು ಹರಿದಿದೆ ಎಂದರ್ಥ, ಅದಕ್ಕೆ ರಿಪೇರಿ ಇಲ್ಲ, ಆ ಟೈರಿನಲ್ಲಿ ಘಾಟಿ ಹತ್ತಬೇಡಿ. ಬೆಂಗಳೂರಿಗೆ ಬಂದು ಸಾಮಾನು ಇಳಿಸಿದ ಮೇಲೆ ಸ್ಟಿಕ್ಕರಿನ ಮೊದಲ ಸಾಲಿನ ಅಂಕಿಗೆ ಗಾಳಿ ಇಳಿಸಿಕೊಳ್ಳಿ, ಅದೂ ಮರುದಿನ ಬೆಳಿಗ್ಗೆ, ಟೈರು ತಣ್ಣಗಿದ್ದಾಗ.